1890ರ ದಶಕದಲ್ಲಿ ಸರಣಿ ಹಂತಕನ ಪ್ರೊಫೈಲಿಂಗ್ ಮಾಡೋರು ಇದ್ರಾ? ಕಾದಂಬರಿಯಲ್ಲಿ ಬರೆದರೆ ನಂಬೋ ಹಾಗಿರುತ್ತಾ?

ಧೈರ್ಯವಾಗಿ ಬರೆಯಿರಿ. ನಿಮ್ಮ ಕಥೆ 1890ರ ದಶಕದ ಯುರೋಪಿನಲ್ಲಿ ನಡೆಯುತ್ತದೆ, ಹಂತಕ ಹೀಗಿರಬೇಕು ಅಂತ ಮೊದಲೇ ಹೇಳುವ ಪಾತ್ರ ಅದರಲ್ಲಿದೆ ಅಂದಿರಿ. ಪ್ರೊಫೈಲಿಂಗ್ ಅನ್ನೋ ಹೆಸರು ಆಗ ಬಳಕೆಯಲ್ಲಿರಲಿಲ್ಲ, ಆದರೆ ಆ ಕೆಲಸ ನಡೆದಿತ್ತು. ಆ ಪಾತ್ರವನ್ನು ಡಾಕ್ಟರ್ ಮಾಡಬೇಡಿ, ಫೈಲು ಓದುವವನನ್ನಾಗಿ ಮಾಡಿ ಅನ್ನೋದಷ್ಟೇ ನನ್ನ ಸಲಹೆ.

ಎಲ್ಲರೂ ಮೊದಲು ಹೇಳುವುದು ಲಂಡನ್ನಿನ ಥಾಮಸ್ ಬಾಂಡ್ ಹೆಸರು. ಇವರು ಪೊಲೀಸ್ ಸರ್ಜನ್, ಅಂದರೆ ಪೊಲೀಸರಿಗಾಗಿ ಕೆಲಸ ಮಾಡುವ ಡಾಕ್ಟರ್. ಜಾಕ್ ದಿ ರಿಪ್ಪರ್ ಎಂದು ಹೆಸರಾದ ಹಂತಕ ಆಗ ಲಂಡನ್ನಿನಲ್ಲಿ ಹೆಂಗಸರನ್ನು ಕೊಲ್ಲುತ್ತಿದ್ದ. 1888ರ ನವೆಂಬರ್ 9ರಂದು ಮೇರಿ ಜೇನ್ ಕೆಲ್ಲಿಯ ಕೊಲೆಯಾಯಿತು, ಆ ಸಾಲಿನಲ್ಲಿ ಐದನೆಯದು. ಮರುದಿನವೇ ಬಾಂಡ್ ಲಂಡನ್ ಪೊಲೀಸರ ಕೇಂದ್ರ ಕಚೇರಿ ಸ್ಕಾಟ್ಲೆಂಡ್ ಯಾರ್ಡ್‌ಗೆ ವರದಿ ಬರೆದರು. ಅದರಲ್ಲಿ ಹೇಳಿದ್ದು ಇಷ್ಟು. ಐದೂ ಕೊಲೆ ಒಬ್ಬನದೇ. ಅವನಿಗೆ ಕಟುಕನಿಗಿರುವಷ್ಟು ಅಂಗಾಂಗದ ತಿಳಿವಳಿಕೆಯೂ ಇಲ್ಲ. ಗಟ್ಟಿ ಆಳು, ಭಂಡ ಧೈರ್ಯದವನು. ಆದರೆ ನೋಡೋಕೆ ಸಾಧು, ನಡುವಯಸ್ಸು, ನೀಟಾದ ಬಟ್ಟೆ. ಮೈಮೇಲಿನ ರಕ್ತ ಕಾಣದಂತೆ ಓವರ್‌ಕೋಟ್ ಹಾಕುತ್ತಿರಬೇಕು. ಒಂಟಿಯಾಗಿರುವವನು, ವಿಚಿತ್ರ ಸ್ವಭಾವದವನು ಇರಬಹುದು. ಓದುತ್ತಾ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಹಂತಕ ಸಿಗಲೇ ಇಲ್ಲ. ಬಾಂಡ್ ಹೇಳಿದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅಂತ ಅಳೆಯೋಕೆ ದಾರಿಯೇ ಇಲ್ಲ.

ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಫ್ರಾನ್ಸಿನ ಎಮಿಲ್ ಫೂರ್ಕೆ. ದೇಶದ ಪೂರ್ವ ಭಾಗದ ಬೆಲೆ ಅನ್ನೋ ಸಣ್ಣ ಊರಿನಲ್ಲಿ ತನಿಖಾ ಮ್ಯಾಜಿಸ್ಟ್ರೇಟ್, ಅಂದರೆ ಕೇಸಿನ ತನಿಖೆಯನ್ನು ತಾವೇ ನಡೆಸುವ ನ್ಯಾಯಾಧೀಶ ಆಗಿದ್ದವರು. 1895ರ ಆಗಸ್ಟ್ 31ರಂದು ಆ ಕಡೆಯ ಬೆನೋನ್ಸ್‌ನಲ್ಲಿ ವಿಕ್ಟರ್ ಪೋರ್ತಾಲಿಯೆ ಎಂಬ ಕುರಿ ಕಾಯುವ ಹುಡುಗನ ಭೀಕರ ಕೊಲೆಯಾಗಿತ್ತು. ಕೇಸು ಮೂಲೆ ಸೇರಿತ್ತು. 1897ರಲ್ಲಿ ಅಧಿಕಾರ ವಹಿಸಿಕೊಂಡ ಫೂರ್ಕೆ ಅದನ್ನು ಮತ್ತೆ ತೆಗೆದರು. ಬೇರೆ ಜಿಲ್ಲೆಗಳಿಂದಲೂ ಇಂಥದ್ದೇ ಕೇಸುಗಳ ಫೈಲು ತರಿಸಿಕೊಂಡರು. ಆಮೇಲೆ ಎರಡು ಪಟ್ಟಿ ಹಾಕಿದರು. ಒಂದರಲ್ಲಿ ಕೊಲೆಯ ವಿವರ: ಸತ್ತವರು ಯಾರು, ಗಾಯ ಎಲ್ಲಿ, ಶವ ಹೇಗಿತ್ತು. ಇನ್ನೊಂದರಲ್ಲಿ ಅಲ್ಲಲ್ಲಿ ಜನ ಕಂಡಿದ್ದ ಅಪರಿಚಿತ ಅಲೆಮಾರಿಯ ಚಹರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಒಬ್ಬನೇ ಮನುಷ್ಯ ಎದ್ದು ಬಂದ. ಸುಮಾರು 30 ವರ್ಷ, ಕಪ್ಪು ಗಡ್ಡ, ಮುಖದ ಮೇಲೆ ಗಾಯದ ಗುರುತು, ಸೊಟ್ಟ ತುಟಿ.

ಇದು ಅಲ್ಲಿಯವರೆಗೆ ಯಾರಿಗೂ ಯಾಕೆ ಕಾಣಲಿಲ್ಲ? ಕೊಲೆಗಾರ ನಡೆದೇ ಊರೂರು ಸುತ್ತುತ್ತಿದ್ದ. ಒಂದು ಕೊಲೆ ಒಬ್ಬ ಮ್ಯಾಜಿಸ್ಟ್ರೇಟ್ ಹತ್ತಿರ, ಇನ್ನೊಂದು ಇನ್ನೊಬ್ಬರ ಹತ್ತಿರ. ಊರಿನವರೂ ತಮ್ಮೊಳಗೇ ಯಾರದೋ ಮೇಲೆ ಅನುಮಾನ ಪಟ್ಟರು. ಏನೂ ತಪ್ಪು ಮಾಡದವರು ನೆರೆಹೊರೆಯವರ ಕಣ್ಣಲ್ಲಿ ಕೊಲೆಗಾರರಾಗಿ ಬದುಕು ಕಳೆದುಕೊಂಡರು. ನಿಮ್ಮ ಕಾದಂಬರಿಯಲ್ಲಿ ಇಂಥವರಿಗೆ ದಯವಿಟ್ಟು ಜಾಗ ಕೊಡಿ. ಥ್ರಿಲ್ಲರ್‌ಗಳು ಇವರನ್ನು ಮರೆತೇಬಿಡುತ್ತವೆ, ನನಗೆ ಅದು ಸಂಕಟದ ವಿಷಯ.

1897ರ ಜುಲೈನಲ್ಲಿ ಫೂರ್ಕೆ ಈ ಚಹರೆಯನ್ನು ಸುಮಾರು 250 ಮ್ಯಾಜಿಸ್ಟ್ರೇಟರಿಗೆ ಕಳಿಸಿದರು. ಆಗಸ್ಟ್ 4ರಂದು ಆರ್ದೇಶ್ ಜಿಲ್ಲೆಯಲ್ಲಿ ಒಬ್ಬ ಅಲೆಮಾರಿ ಕಾಡಿನ ಹತ್ತಿರ ಹೆಂಗಸೊಬ್ಬಳ ಮೇಲೆ ಬಿದ್ದ. ಗಂಡ ಓಡಿಬಂದು ಹಿಡಿದ. ಅವನೇ ಜೋಸೆಫ್ ವಾಶೆ. ಸಣ್ಣ ಅಪರಾಧ ಅಂತ ಮೂರು ತಿಂಗಳ ಶಿಕ್ಷೆಯಾಯಿತು. ಅಲ್ಲಿನ ಮ್ಯಾಜಿಸ್ಟ್ರೇಟ್ ಆ ಚಹರೆಯ ಕಾಗದ ನೋಡಿರದಿದ್ದರೆ ಅವನು ಬಿಡುಗಡೆಯಾಗಿ ಹೋಗಿಬಿಡುತ್ತಿದ್ದ. ಆ ಮುಖ ಹಾಗಾಗಿದ್ದಕ್ಕೂ ಕಾರಣವಿದೆ. 1893ರಲ್ಲಿ ತನ್ನನ್ನು ಒಲ್ಲೆ ಎಂದ ಹುಡುಗಿಗೆ ಗುಂಡು ಹೊಡೆದು, ತನಗೂ ಹೊಡೆದುಕೊಂಡಿದ್ದ. ಇಬ್ಬರೂ ಬದುಕಿದರು. ಮನೋರೋಗಿಗಳ ಆಸ್ಪತ್ರೆಗೆ ಸೇರಿಸಿದರು, 1894ರ ಏಪ್ರಿಲ್‌ನಲ್ಲಿ ವಾಸಿಯಾಗಿದೆ ಎಂದು ಬಿಟ್ಟರು. ಮೇ ತಿಂಗಳಲ್ಲಿ ಮೊದಲ ಕೊಲೆ.

ಇನ್ನು ನಿಮಗೆ ಬೇಕಾದ ದೃಶ್ಯ. ಫೂರ್ಕೆ ಎದುರು ವಾಶೆ ಏನನ್ನೂ ಒಪ್ಪಲಿಲ್ಲ. ಆಗ ಫೂರ್ಕೆ ಕೊಲೆಯ ಮಾತೇ ಬಿಟ್ಟು, ಅಲೆಮಾರಿಗಳ ಬಗ್ಗೆ ಪುಸ್ತಕ ಬರೀತಿದ್ದೇನೆ, ನೀನು ಎಲ್ಲೆಲ್ಲಿ ತಿರುಗಿದೆ ಹೇಳು ಅಂದರು. ಅವನು ಖುಷಿಯಿಂದ ಹೇಳುತ್ತಾ ಹೋದ. ಅವನು ಹೇಳಿದ ಊರು, ಕಾಲ ಎಲ್ಲ ಇವರ ಪಟ್ಟಿಗೆ ತಾಳೆಯಾಗುತ್ತಾ ಬಂತು. ಅಕ್ಟೋಬರ್‌ನಲ್ಲಿ ತಪ್ಪೊಪ್ಪಿಗೆ ಬರೆದುಕೊಟ್ಟ. 11 ಕೊಲೆ ಒಪ್ಪಿಕೊಂಡ. ಚಿಕ್ಕವನಿದ್ದಾಗ ಹುಚ್ಚುನಾಯಿಯಿಂದ ತನ್ನ ರಕ್ತ ಕೆಟ್ಟಿತು ಅಂತ ನೆಪವನ್ನೂ ಸೇರಿಸಿದ.

ಮನಸ್ಸಿನ ಪ್ರಶ್ನೆ ಬಂದದ್ದು ಇದಾದ ಮೇಲೆ. ಹುಟ್ಟು ಅಪರಾಧಿಯನ್ನು ತಲೆಬುರುಡೆ ನೋಡಿ ಹೇಳಬಹುದು ಅಂತ ಇಟಲಿಯ ಲೊಂಬ್ರೋಸೊ ವಾದಿಸುತ್ತಿದ್ದ ಕಾಲ. ಫ್ರಾನ್ಸಿನ ಲಿಯಾನ್‌ನ ವೈದ್ಯ, ಪ್ರೊಫೆಸರ್ ಅಲೆಕ್ಸಾಂಡ್ರ್ ಲಕಸಾಞ್ ಅದನ್ನು ಒಪ್ಪುತ್ತಿರಲಿಲ್ಲ, ಬೆಳೆದ ಪರಿಸರವನ್ನೂ ನೋಡಬೇಕು ಅನ್ನುತ್ತಿದ್ದರು. ವಾಶೆಯನ್ನು ಪರೀಕ್ಷಿಸಿ, ಇವನಿಗೆ ಹುಚ್ಚಿಲ್ಲ, ತಾನು ಮಾಡಿದ್ದಕ್ಕೆ ತಾನೇ ಹೊಣೆ ಎಂದು ಕೋರ್ಟಿನಲ್ಲಿ ಹೇಳಿದರು. 1898ರ ಡಿಸೆಂಬರ್ 31ರಂದು ಬೂರ್ಗ್ ಪಟ್ಟಣದಲ್ಲಿ ವಾಶೆಯನ್ನು ತಲೆ ಕಡಿಯುವ ಯಂತ್ರ ಗಿಲೊಟಿನ್‌ಗೆ ಏರಿಸಿದರು. ಅವನಿಗೆ ನಿಜವಾಗಿ ಹುಚ್ಚಿತ್ತಾ ಅನ್ನೋ ಚರ್ಚೆ ಅವನ ಜೊತೆ ಮುಗಿಯಲಿಲ್ಲ. ನಿಮ್ಮ ಕಥೆಯಲ್ಲಿ ಡಾಕ್ಟರ್ ಬೇಕೇ ಬೇಕು ಅನ್ನೋದಾದರೆ ಇಲ್ಲಿ, ಕೋರ್ಟಿನಲ್ಲಿ ಕರೆತನ್ನಿ.