ಬ್ಯಾಂಕಾಕ್ ಸ್ಪೈನ್ ಸಮ್ಮೇಳನ: ಕಲಬುರಗಿಯಿಂದ ಹೊಂಟವರಿಗೆ

ಡಾಕ್ಟರ್ ಸಾಹೇಬ್ರೆ, ಕಲಬುರಗಿಯಾಗ ಆರ್ಥೋ (ಎಲುಬು-ಕೀಲು) ಪಿಜಿ ಮಾಡ್ಲಿಕ್ಕತ್ತೀನಿ, ಬ್ಯಾಂಕಾಕ್‌ನ ಅಂತಾರಾಷ್ಟ್ರೀಯ ಬೆನ್ನುಮೂಳೆ ಸರ್ಜರಿ ಸಮ್ಮೇಳನದಾಗ ಏನ್ ಕೇಳಬೇಕು, ಊರಾಗ ಏನ್ ನೋಡಬೇಕು ಅಂತ ಕೇಳೀರಿ.

ರೋಬೋಟ್ ಸರ್ಜರಿ ಹಾಲ್‌ಗೆ ಎಲ್ಲಾರೂ ನುಗ್ಗತಾರ. ನೀವು ಮೊದಲು ಸೋಂಕಿನ ಸೆಷನ್ ಹುಡುಕ್ರಿ. ಬೆನ್ನುಮೂಳೆ ಟಿಬಿ ಬಗ್ಗೆ ಇಂಗ್ಲೆಂಡಿನ ಸರ್ಜನ್ ಪರ್ಸಿವಲ್ ಪಾಟ್ ಬರೆದಿದ್ದು 1779ರಾಗ. ನಮ್ಮ ಓಪಿಡಿಗೆ ಅದು ಇವತ್ತಿಗೂ ಬರತದ. ಗುಳಿಗಿ ಸಾಕೋ, ಆಪರೇಶನ್ ಬೇಕೋ, ಕಾಲಿನ ಶಕ್ತಿ ಕುಂದಲಿಕ್ಕತ್ತಿದ್ರ ಎಷ್ಟು ಕಾಯೋದು? ಇದನ್ನ ಯುರೋಪಿನವರಿಗಿಂತ ಥಾಯ್ಲೆಂಡ್ ಸರ್ಜನ್ನರಿಗೆ ಕೇಳ್ರಿ, ಅವರಿಗೂ ಟಿಬಿ ಹೊಸದಲ್ಲ. ಫ್ಲೋರೋಸಿಸ್‌ನಿಂದ (ನೀರಾಗ ಫ್ಲೋರೈಡ್ ಜಾಸ್ತಿಯಾಗಿ ಬರೋ ಎಲುಬಿನ ರೋಗ) ಬೆನ್ನುಹುರಿ ಒತ್ತಿದ ಕೇಸ್ ಇದ್ರ ಎಮ್‌ಆರ್‌ಐ ಮೊಬೈಲ್‌ನಾಗ ಇಟ್ಕೊಳ್ರಿ, ಪೇಷಂಟ್ ಹೆಸರು ಅಳಿಸಿ. ಚಹಾದ ಹೊತ್ತಿನಾಗ ತೋರಿಸಿದ್ರ ಭಾಷಣಕ್ಕಿಂತ ಜಾಸ್ತಿ ಸಿಗತದ.

ಹೈದರಾಬಾದ್‌ನಿಂದ ನೇರ ವಿಮಾನ ಅದ, ಬೆಂಗಳೂರು ಸುತ್ತಬ್ಯಾಡ್ರಿ. ಅಲ್ಲಿ ಗಡಿಯಾರ ಒಂದೂವರೆ ತಾಸು ಮುಂದ. ಸುವರ್ಣಭೂಮಿ ಏರ್‌ಪೋರ್ಟ್‌ನಿಂದ ಊರೊಳಗ ರೈಲ್ ಹಿಡೀರಿ, ಟ್ಯಾಕ್ಸಿ ಟ್ರಾಫಿಕ್‌ನಾಗ ಸಿಗಬೀಳತದ.

ಅರ್ಧ ದಿನ ಸಿಕ್ರ ವಾಟ್ ಫೋ ಬೌದ್ಧ ಗುಡಿ ನೋಡ್ರಿ, 46 ಮೀಟರ್ ಉದ್ದದ ಮಲಗಿದ ಬುದ್ಧ. ಸನ್ನತಿ ಬೌದ್ಧ ಸ್ತೂಪದ ಜಿಲ್ಲೆಯವರು ಅದನ್ನ ಬಿಟ್ಟು ಬಂದ್ರ ಹೆಂಗ್ರಿ? ಭುಜ, ಮೊಣಕಾಲು ಮುಚ್ಚೋ ಬಟ್ಟೆ ಇರಲಿ. ಅಲ್ಲೇ ಥಾಯ್ ಮಸಾಜ್ ಶಾಲೆನೂ ಅದ. ಹೋದ್ರ ಬೆನ್ನಿನ ಡಾಕ್ಟರ್ ಅಂತ ಮಾತ್ರ ಹೇಳಬ್ಯಾಡ್ರಿ.