ಬಾಗಿಲು ಮುಚ್ಚಿಕೊಂಡಿತೋ, ಮುಚ್ಚಿದರೋ?

ಯೆಹೂದಿ ಧರ್ಮದ ಬಗ್ಗೆ ಈಚೆಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಕೈಬರಹ ಮಾತ್ರ ಬೇರೆ ಬೇರೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಮುಂದೆ ಕೇಳಿದವರಿಗೆ ಇದೇ ಕಂತನ್ನು ಕಳಿಸುವುದು.

ಪ್ರಶ್ನೆ: ಸಮುದ್ರವನ್ನೇ ಸೀಳಿದ ದೇವರನ್ನು ನಂಬುವವರು ದುಡಿಮೆ, ಡಾಕ್ಟರು, ವಿಮೆ ಅಂತ ಓಡಾಡುವುದು ನಂಬಿಕೆಯ ಕೊರತೆಯಲ್ಲವೇ? ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಅನ್ನುವ ನಮ್ಮ ಮಾತೇ ಅವರದ್ದೂ ತಾನೇ?

ಅಲ್ಲ. ಸಮುದ್ರದ ಕಥೆಯನ್ನೇ ಇನ್ನೊಮ್ಮೆ ಓದಿ. ಹಿಂದೆ ಈಜಿಪ್ಟಿನ ದೊರೆ ಫರೋಹನ ಸೇನೆ, ಮುಂದೆ ನೀರು, ನಡುವೆ ಜನರ ನಾಯಕ ಮೋಶೆಯ ಮೊರೆ. ವಿಮೋಚನಕಾಂಡದ 14ನೇ ಅಧ್ಯಾಯದಲ್ಲಿ ದೇವರು ಬೈದೇ ಹೇಳುತ್ತಾನೆ: ನನಗೇಕೆ ಮೊರೆಯಿಡುತ್ತೀ, ಜನರಿಗೆ ಮುಂದಕ್ಕೆ ನಡೆಯಲು ಹೇಳು. ‘ನಾನು ಮೊದಲು ಇಳಿಯಲಾರೆ’ ಎಂದು ಎಲ್ಲರೂ ಹಿಂಜರಿದಾಗ ನಹ್ಶೋನ್ ಎಂಬಾತ ನೀರಿಗೆ ಧುಮುಕಿದ ಎನ್ನುತ್ತದೆ ತಾಲ್ಮುದ್, ಅವರ ಪಂಡಿತರ ಚರ್ಚೆಗಳ ದೊಡ್ಡ ಗ್ರಂಥ. ಪವಾಡ ನಡೆದಾಗ ಅವನ ಬಟ್ಟೆ ಆಗಲೇ ಒದ್ದೆಯಾಗಿತ್ತು.

ದೇವರ ಮೇಲೆ ಭಾರ ಹಾಕುವುದಕ್ಕೆ ಅವರು ಬಿತ್ತಾಹೋನ್ ಎನ್ನುತ್ತಾರೆ, ತನ್ನ ಪಾಲಿನ ಪ್ರಯತ್ನಕ್ಕೆ ಹಿಶ್ತದ್ಲುತ್. ಯಾವುದು ಎಷ್ಟಿರಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ. ಆ ಜಗಳದಲ್ಲಿ ನನಗೆ ಇಷ್ಟವಾದದ್ದು ಬಾಗಿಲಿನ ಪ್ರಸಂಗ. ಯೆರೂಸಲೇಮಿನ ದೇವಾಲಯದಲ್ಲಿ ಪಸ್ಕ ಹಬ್ಬದ ಬಲಿಗೆಂದು ಕುರಿಮರಿ ತಂದ ಜನ ಮೂರು ತಂಡವಾಗಿ ಒಳಬರುತ್ತಿದ್ದರು. ಅಂಗಳ ತುಂಬಿದ ಕೂಡಲೇ ಬಾಗಿಲು ಮುಚ್ಚಬೇಕು. ಆ ದೇವಾಲಯ ಕ್ರಿ.ಶ. 70ರಲ್ಲೇ ರೋಮನ್ನರ ಕೈಯಲ್ಲಿ ಹಾಳಾಯಿತು. ಅದಾದ ಎಷ್ಟೋ ಕಾಲದ ಮೇಲೆ, 4ನೇ ಶತಮಾನದಲ್ಲಿ, ದೂರದ ಬ್ಯಾಬಿಲೋನಿಯಾದ ಇಬ್ಬರು ಪಂಡಿತರು ಒಂದು ಕ್ರಿಯಾಪದಕ್ಕಾಗಿ ಕಿತ್ತಾಡಿದರು. ಅಬಾಯೆ ಹೇಳಿದ್ದು: ಮಿಶ್ನಾ ಎಂಬ ಹಳೆಯ ಸಂಹಿತೆಯ ಪಾಠದಲ್ಲಿರುವುದು ‘ಬಾಗಿಲು ಮುಚ್ಚಿಕೊಂಡವು’. ರಾವಾ ಹೇಳಿದ್ದು: ಅಲ್ಲ, ‘ಬಾಗಿಲು ಮುಚ್ಚಿದರು’. ಇದರಿಂದ ಏನು ವ್ಯತ್ಯಾಸ ಎಂದು ತಾಲ್ಮುದ್ ತಾನೇ ಕೇಳಿ ತಾನೇ ಉತ್ತರಿಸುತ್ತದೆ: ಪವಾಡವನ್ನು ನೆಚ್ಚಿ ಕೂರಬಹುದೇ, ಬಾರದೇ ಎಂಬುದು. ಬಾಗಿಲಿಗೆ ಆಳು ನಿಲ್ಲಿಸುವ ರಾವಾನ ಧೋರಣೆಯೇ ‘ಪವಾಡವನ್ನು ನೆಚ್ಚಬಾರದು’ ಎಂಬ ರೂಢಿಮಾತಾಗಿ ಉಳಿಯಿತು.

ಹಾಗಾದರೆ ಅಬಾಯೆ ಕೈಕಟ್ಟಿ ಕೂರುವ ಪೈಕಿಯೇ? ಇಲ್ಲೇ ಎಲ್ಲರೂ ಎಡವುವುದು. ಇದೇ ಅಬಾಯೆಯ ಎದುರು ಇನ್ನೊಂದು ಕಥೆ ಬರುತ್ತದೆ. ಹೆಂಡತಿ ಸತ್ತು ಹಾಲುಗೂಸು ಉಳಿಯಿತು, ದಾದಿಗೆ ಕೊಡಲು ಗಂಡನ ಬಳಿ ಕಾಸಿಲ್ಲ. ಪವಾಡವಾಗಿ ಅವನ ಎದೆಯಲ್ಲೇ ಹಾಲು ಬಂತಂತೆ. ರಬ್ಬಿ ಯೋಸೆಫ್ ‘ಎಂಥ ಮಹಾನುಭಾವ’ ಎಂದರೆ, ಅಬಾಯೆಯ ಮಾತು ನೇರ ಉಲ್ಟಾ: ಸೃಷ್ಟಿಯ ಕ್ರಮವನ್ನೇ ಕೆಡಿಸಬೇಕಾಯಿತಲ್ಲ, ಎಂಥ ಕೀಳು ಮನುಷ್ಯನಪ್ಪ!

ಉಳುಮೆಯ ವಿಚಾರದಲ್ಲೂ ಅಷ್ಟೇ. ‘ನಿನ್ನ ಧಾನ್ಯವನ್ನು ನೀನು ಕೂಡಿಸುವೆ’ ಎಂದು ಶಾಸ್ತ್ರವೇ ಹೇಳುತ್ತದಲ್ಲ, ಆದ್ದರಿಂದ ಹೊಲದ ಕೆಲಸವನ್ನೂ ಮಾಡು ಎಂದವರು ರಬ್ಬಿ ಇಷ್ಮಾಯೇಲ್. ಉಳುವಾಗ ಉತ್ತು, ಬಿತ್ತುವಾಗ ಬಿತ್ತಿ, ಕೊಯ್ಯುವಾಗ ಕೊಯ್ದರೆ ಓದುವುದು ಯಾವಾಗ, ದೇವರ ಇಷ್ಟದಂತೆ ನಡೆದರೆ ನಿಮ್ಮ ಕೆಲಸವನ್ನು ಬೇರೆಯವರು ಮಾಡುತ್ತಾರೆ ಎಂದವರು ರಬ್ಬಿ ಶಿಮೋನ್ ಬಾರ್ ಯೋಹಾಯ್. ತೀರ್ಪು ಕೊಟ್ಟದ್ದು ಅಬಾಯೆ: ಇಷ್ಮಾಯೇಲರಂತೆ ಮಾಡಿದವರು ಅನೇಕರು, ಕೈಗೂಡಿತು, ಶಿಮೋನರಂತೆ ಮಾಡಿದವರೂ ಅನೇಕರು, ಕೈಗೂಡಲಿಲ್ಲ. ಬಾಗಿಲು ತಾನಾಗಿ ಮುಚ್ಚೀತು ಎಂದು ನಂಬಿದ ಮನುಷ್ಯನೇ ಹೊಲದ ಲೆಕ್ಕವನ್ನು ಇಷ್ಟು ಖಾರವಾಗಿ ಹೇಳಿದ್ದು. ರಾವಾ ಇನ್ನೂ ಒಂದು ಹೆಜ್ಜೆ ಮುಂದೆ: ನಿಸಾನ್, ತಿಶ್ರಿ ತಿಂಗಳಲ್ಲಿ ನನ್ನ ಪಾಠಕ್ಕೇ ಬರಬೇಡಿ ಎಂದು ಶಿಷ್ಯರಿಗೆ ಅಪ್ಪಣೆ. ಒಂದು ಕೊಯ್ಲಿನ ಕಾಲ, ಇನ್ನೊಂದು ದ್ರಾಕ್ಷಿ–ಆಲಿವ್ ಹಿಂಡುವ ಕಾಲ. ವರ್ಷವಿಡೀ ಕೂಳಿನ ಚಿಂತೆಯಲ್ಲಿ ಓದುವವರು ಅವನಿಗೆ ಬೇಕಿರಲಿಲ್ಲ. ನನಗೂ ಅಂಥ ಧೈರ್ಯವಿದ್ದಿದ್ದರೆ ಎಷ್ಟೋ ತರಗತಿಗಳು ಉಳಿಯುತ್ತಿದ್ದವು.

ಇನ್ನು ಡಾಕ್ಟರ ವಿಷಯ. ‘ದೇವರ ಇಷ್ಟದಂತೆ ನಡೆಯುವವರ ಮನೆಯಲ್ಲಿ ವೈದ್ಯರಿಗೇನು ಕೆಲಸ’ ಎಂದು ರಾಂಬಾನ್ ಎಂಬ ಯೆಹೂದಿ ಪಂಡಿತರು ಬರೆದಿದ್ದಾರೆ, ಅದನ್ನು ಓದಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದ್ದೇನೆ ಎಂದು ಒಬ್ಬರು ಹೆಮ್ಮೆಯಿಂದ ತಿಳಿಸಿದ್ದಾರೆ. ಸ್ವಾಮೀ, ಈ ಪತ್ರಿಕೆ ಕೆಳಗಿಟ್ಟು ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. 13ನೇ ಶತಮಾನದ ರಾಂಬಾನ್ ಆ ಸಾಲು ಬರೆದದ್ದು ಪ್ರವಾದಿಗಳಿದ್ದ ಕಾಲದ ಬಗ್ಗೆ. ಅವರು ತಾವೇ ವೈದ್ಯರಾಗಿದ್ದರು. ನೋಹನ ನಾವೆಯ ಬಗ್ಗೆ ಅವರು ಹೇಳಿದ್ದನ್ನು ಮಾತ್ರ ಯಾರೂ ಉದ್ಧರಿಸುವುದಿಲ್ಲ: ಭೂಮಿಯ ಪ್ರಾಣಿಗಳೆಲ್ಲ 300 ಮೊಳದ ನಾವೆಯಲ್ಲೂ ಹಿಡಿಸುವುದಿಲ್ಲ, ಹೇಗಿದ್ದರೂ ಪವಾಡ ಬೇಕೇ ಬೇಕು. ಹಾಗಿದ್ದರೂ ಅಷ್ಟು ದೊಡ್ಡದಾಗಿ ಕಟ್ಟಿಸಿದ್ದೇಕೆ? ಪವಾಡ ಆದಷ್ಟು ಚಿಕ್ಕದಾಗಲಿ ಎಂದು. ಕೈರೋ ಬಳಿಯ ಫುಸ್ತಾತಿನಲ್ಲಿ ವೈದ್ಯನಾಗಿದ್ದ ಯೆಹೂದಿ ಪಂಡಿತ ಮೈಮೊನಿದೆಸ್ (1138–1204) ವಾದವಂತೂ ಸರಳ: ಹಸಿದವನು ರೊಟ್ಟಿ ತಿಂದರೆ ದೇವರನ್ನು ಬಿಟ್ಟ ಹಾಗಾಯಿತೇ? ಔಷಧಿಯೂ ಹಾಗೆಯೇ. 16ನೇ ಶತಮಾನದ ಶುಲ್ಹಾನ್ ಆರುಖ್ ಸಂಹಿತೆಯ ಪ್ರಕಾರ ಚಿಕಿತ್ಸೆ ಕೊಡುವುದು ವೈದ್ಯನ ಧರ್ಮ, ಕೊಡದೆ ಹಿಂಜರಿದರೆ ರಕ್ತ ಸುರಿಸಿದಂತೆ.

ಅಪಾಯದ ಜಾಗದಲ್ಲಿ ನಿಂತು ಪವಾಡ ಕಾಯಬೇಡ ಎಂದು ರಬ್ಬಿ ಯನ್ನಾಯ್ ಕೂಡ ಎಚ್ಚರಿಸಿದ್ದುಂಟು. ಅದು ಆಗದೇ ಹೋಗಬಹುದು. ಒಂದು ವೇಳೆ ಪವಾಡ ನಡೆದೇಬಿಟ್ಟರೂ ಅದನ್ನು ನಿನ್ನ ಪುಣ್ಯದ ಖಾತೆಯಿಂದ ಕಳೆಯುತ್ತಾರೆ. ತಾಯತ ಕಟ್ಟಿಕೊಂಡು ಹೆಲ್ಮೆಟ್ ಮನೆಯಲ್ಲಿಟ್ಟು ಹೊರಡುವವರಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ಆನ್‌ಲೈನಿನಲ್ಲಿ ಸಿಗುವ ಯೆಹೂದಿ ಕೆಂಪು ದಾರ ನಿಜವಾಗಿ ದೃಷ್ಟಿ ತೆಗೆಯುತ್ತದೆಯೇ?

ಜೇಬಿನಿಂದ ದುಡ್ಡು ತೆಗೆಯುತ್ತದೆ. ಬೆರಳಿಗೆ ಕೆಂಪು ದಾರ ಕಟ್ಟುವುದನ್ನು ತೊಸೆಫ್ತಾ ಎಂಬ ಹಳೆಯ ಗ್ರಂಥ ನಿಷಿದ್ಧ ಮೂಢಾಚಾರಗಳ ಪಟ್ಟಿಯಲ್ಲಿ ಸೇರಿಸಿದೆ. ಬಾಗಿಲ ಚೌಕಟ್ಟಿಗೆ ಹಚ್ಚುವ ಶಾಸ್ತ್ರವಾಕ್ಯದ ಸುರುಳಿಯಾದ ಮೆಜ಼ುಜ಼ಾದೊಳಗೆ ದೇವದೂತರ ಹೆಸರು ಬರೆದು ಅದನ್ನು ತಾಯತ ಮಾಡುವವರಿಗೆ ಪರಲೋಕದಲ್ಲಿ ಪಾಲಿಲ್ಲ ಎಂದೇ ಮೈಮೊನಿದೆಸ್ ಬರೆದ. ಮಾರುವವರ ವಿಳಾಸ ಕೇಳಿ ನನಗೆ ಬರೆಯಬೇಡಿ.

ಪ್ರಶ್ನೆ: ಹನುಕ್ಕಾ ಎಂಬ ಯೆಹೂದಿ ದೀಪದ ಹಬ್ಬದ ಕಥೆಯಲ್ಲಿ ಒಂದು ದಿನದ ಎಣ್ಣೆ ಎಂಟು ದಿನ ಉರಿದದ್ದಕ್ಕೆ ವೈಜ್ಞಾನಿಕ ವಿವರಣೆ ಇದೆಯೇ?

ಇಲ್ಲ. ಆದರೆ ಆ ಹಬ್ಬದಲ್ಲಿ ಹೇಳುವ ‘ಪವಾಡಗಳಿಗಾಗಿ’ ಎಂಬ ವಂದನೆಯಲ್ಲಿ ಆ ಎಣ್ಣೆಯ ಕುಡಿಕೆಯ ಸುದ್ದಿಯೇ ಇಲ್ಲ, ಕತ್ತಿ ಹಿಡಿದು ಹೋರಾಡಿದವರ ಸುದ್ದಿ ಇದೆ.

ಪ್ರಶ್ನೆ: ಕೊಂಕಣದ ಬೆನೆ ಇಸ್ರಾಯೇಲಿ ಯೆಹೂದಿಗಳು ಎಲಿಯಾಹು ಪ್ರವಾದಿಗೆ ಹರಕೆ ಹೊತ್ತು ಅವಲಕ್ಕಿ–ತೆಂಗಿನಕಾಯಿಯ ಮಲೀದಾ ಮಾಡುತ್ತಾರಲ್ಲ, ಅದು ಪವಾಡ ನೆಚ್ಚಿದ್ದಲ್ಲವೇ?

ಹರಕೆ ಹೊತ್ತವರೆಲ್ಲ ಕೆಲಸ ಬಿಟ್ಟವರು ಎಂದು ನಿಮಗೆ ಯಾರು ಹೇಳಿದರು? ಊರವರು ಅವರನ್ನು ‘ಶನಿವಾರ್ ತೇಲಿ’ ಎಂದು ಕರೆಯುತ್ತಿದ್ದರು. ಶನಿವಾರ ಗಾಣ ನಿಲ್ಲಿಸುವ ಎಣ್ಣೆಗಾರರು. ಉಳಿದ ಆರು ದಿನ ಎತ್ತು ಸುತ್ತುತ್ತಲೇ ಇತ್ತು.

ಪ್ರಶ್ನೆ: ಪರೀಕ್ಷೆ ಬರೆದು ಬಂದಿದ್ದೇನೆ. ಒಳ್ಳೆಯ ಅಂಕಕ್ಕೆ ಯೆಹೂದಿ ಪ್ರಾರ್ಥನೆ ಯಾವುದಾದರೂ ತಿಳಿಸಿ.

ಊರಿಗೆ ಮರಳುವಾಗ ಕೂಗಾಟ ಕೇಳಿ ‘ಇದು ನಮ್ಮ ಮನೆಯದಾಗದಿರಲಿ’ ಎಂದು ಬೇಡುವುದು ವ್ಯರ್ಥ ಪ್ರಾರ್ಥನೆ ಎನ್ನುತ್ತದೆ ಮಿಶ್ನಾ, ಏಕೆಂದರೆ ಆಗಬೇಕಾದ್ದು ಆಗಿಹೋಗಿದೆ. ಮರುಎಣಿಕೆಗೆ ಅರ್ಜಿ ಹಾಕುವ ಕೊನೆಯ ದಿನ ಯಾವುದೆಂದು ನೋಡಿಟ್ಟುಕೊಳ್ಳಿ.