ಗಾಂಜಾ ಅಂಗಡಿಗೆ ಪಾಲುದಾರನಾಗಲಾ ಅಂತ ಕೇಳಿದ ತಮ್ಮನಿಗೆ

ನೀವು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಬಂದು ಎಂಟು ತಿಂಗಳು, ಕೈಯಲ್ಲಿ ಕಂಪನಿ ಕೆಲಸಕ್ಕೆ ಅಂತ ಕೊಡುವ ಎಚ್-1ಬಿ ವೀಸಾ. ಇಲ್ಲಿನ ಪೌರತ್ವ ಪಡೆದ ಗೆಳೆಯನೊಬ್ಬ ಗಾಂಜಾ ವ್ಯಾಪಾರಕ್ಕೆ ಪಾಲು ಹಾಕು ಅಂತ ಕರೆಯುತ್ತಿದ್ದಾನೆ. ಯಾವ ಲೈಸೆನ್ಸ್ ಒಳ್ಳೆಯದು, ಖರ್ಚೆಷ್ಟು, ನನ್ನ ವೀಸಾಗೆ ತೊಂದರೆ ಇದೆಯಾ ಅಂತ ಕೇಳಿದ್ದೀರಿ. ಕೊನೆಯದನ್ನು ಮೊದಲು ಕೇಳಬೇಕಿತ್ತು. ಇರಲಿ, ನಾನೂ ಹಾಗೇ ಮಾಡಿದವನು.

ನಾನು ಸ್ಯಾನ್ ಹೋಸೆಗೆ ಬಂದದ್ದು 2009ರಲ್ಲಿ. ಮೊದಲ ಚಳಿಗೇ ನೆಗಡಿ ಹಿಡಿಯಿತು. ರಸ್ತೆಯಾಚೆ ಹಸಿರು ಪ್ಲಸ್ ಗುರುತಿನ ಬೋರ್ಡು ಕಂಡು, ಮೆಡಿಕಲ್ ಶಾಪ್ ಅಂದುಕೊಂಡು ಒಳಗೆ ಹೋಗಿ ಕೆಮ್ಮಿನ ಸಿರಪ್ ಕೇಳಿದೆ. ಬಾಗಿಲಲ್ಲಿದ್ದ ದಾಂಡಿಗ ಡಾಕ್ಟರ್ ಚೀಟಿ ಎಲ್ಲಿ ಅಂದ. ಆಗ ಇಲ್ಲಿ ಔಷಧಿಗೆ ಅಂತ ಮಾತ್ರ ಗಾಂಜಾ ಸಿಗುತ್ತಿತ್ತು. ಮೂಗು ಕಟ್ಟಿತ್ತು ನೋಡಿ, ವಾಸನೆಯೇ ಗೊತ್ತಾಗಿರಲಿಲ್ಲ. 2016ರಲ್ಲಿ ಗಾಂಜಾ ಕಾನೂನುಬದ್ಧವಾಗಲಿ ಅಂತ ಜನ ವೋಟು ಹಾಕಿದರು. 2018ರ ಜನವರಿ 1ರಿಂದ, 21 ತುಂಬಿದ ಯಾರು ಬೇಕಾದರೂ ಅಂಗಡಿಗೆ ಹೋಗಿ ಕೊಳ್ಳಬಹುದು ಅಂತಾಯಿತು.

ಲೈಸೆನ್ಸ್ ವಿಚಾರ ನಿಮಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ವೈನ್ ಶಾಪಿಗೆ ಸಿಎಲ್-2, ಬಾರಿಗೆ ಸಿಎಲ್-9, ಲಾಡ್ಜಿಗೆ ಸಿಎಲ್-7 ಇದೆಯಲ್ವಾ, ಇದೂ ಅದೇ ಥರ. ಬೆಳೆಯುವುದಕ್ಕೆ ಬೇರೆ ಲೈಸೆನ್ಸ್. ಅದರಲ್ಲೇ ಬಯಲು, ಒಳಾಂಗಣ, ಸಣ್ಣದು, ಮಧ್ಯಮ ಅಂತ ಹತ್ತಾರು. ಎಣ್ಣೆ ತೆಗೆಯುವುದು, ತಿನಿಸು ಮಾಡುವುದು ತಯಾರಿಕೆಗೆ ಸೇರುತ್ತದೆ. ಬೇಗ ಹೊತ್ತಿಕೊಳ್ಳುವ ದ್ರಾವಕ ಬಳಸಿದರೆ ಟೈಪ್ 7, ಇಲ್ಲದಿದ್ದರೆ ಟೈಪ್ 6. ಅಂಗಡಿ ಇಟ್ಟು ಮಾರಿದರೆ ಟೈಪ್ 10, ಬರೀ ಡೆಲಿವರಿಯಾದರೆ ಟೈಪ್ 9. ಮಧ್ಯೆ ವಿತರಕ ಇರಲೇಬೇಕು, ಅದು ಟೈಪ್ 11. ಅವನು ಲ್ಯಾಬ್ ಟೆಸ್ಟ್ ಮಾಡಿಸಿದ ಮೇಲೇ ಸರಕು ಅಂಗಡಿಗೆ ಬರುವುದು. ಲ್ಯಾಬ್ ಇಟ್ಟವನು ಬೇರೆ ಯಾವ ಗಾಂಜಾ ಲೈಸೆನ್ಸನ್ನೂ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಗೆಳೆಯ ಹೇಳುತ್ತಿರುವ ಮೈಕ್ರೋಬಿಸಿನೆಸ್ ಅಂದರೆ ಟೈಪ್ 12. ಬೆಳೆ, ತಯಾರಿ, ವಿತರಣೆ, ಮಾರಾಟ, ಈ ನಾಲ್ಕರಲ್ಲಿ ಕನಿಷ್ಠ ಮೂರನ್ನು ಒಂದೇ ಲೈಸೆನ್ಸಿನಲ್ಲಿ ಮಾಡಬೇಕು. ಕೇಳಲು ಚೆನ್ನಾಗಿದೆ, ಆದರೆ ಮೂರರ ನಿಯಮವೂ ತಲೆ ಮೇಲೆ ಕೂರುತ್ತದೆ.

ಅರ್ಜಿ ಹಾಕಲು 1,000 ಡಾಲರ್. ವರ್ಷದ ಫೀಸು ಬೇರೆ. ಅದಕ್ಕಿಂತ ಬಾಡಿಗೆಯೇ ಜಾಸ್ತಿ ನುಂಗುತ್ತದೆ. ರಾಜ್ಯ ಹೂಂ ಅಂದರೂ ನಗರ ಅಥವಾ ಕೌಂಟಿ (ನಮ್ಮ ಜಿಲ್ಲೆಯ ಥರ) ಊಹೂಂ ಅಂದರೆ ಮುಗಿಯಿತು. ಅರ್ಧಕ್ಕೂ ಹೆಚ್ಚು ಕಡೆ ಅಂಗಡಿಗೆ ಅವಕಾಶವೇ ಇಲ್ಲ.

ಇನ್ನೊಂದು. ಊರಲ್ಲಿ ಲೈಸೆನ್ಸ್ ಒಬ್ಬರದು, ಬಾರ್ ನಡೆಸುವವರು ಇನ್ನೊಬ್ಬರು. ಇಲ್ಲಿ ಲೈಸೆನ್ಸನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಶೇ. 20ರಷ್ಟು ಪಾಲಿದ್ದರೆ ನೀವು ಮಾಲೀಕರು. ಕಡಿಮೆ ಇದ್ದರೂ ಹಣ ಹಾಕಿದವರು ಅಂತ ಹೆಸರು ಕಾಗದಕ್ಕೆ ಬರುತ್ತದೆ. ಆ ಕಾಗದದ ಮೇಲೇ ನನ್ನ ಕಣ್ಣು.

ಯಾಕೆಂದರೆ ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಗಾಂಜಾ ಇಂದಿಗೂ ಮಾದಕ ವಸ್ತು, ಮತ್ತು ವೀಸಾ, ಗ್ರೀನ್ ಕಾರ್ಡು ಎಲ್ಲ ಕೇಂದ್ರದ ಕೈಯಲ್ಲಿ. 2018ರಲ್ಲಿ ನನ್ನ ಹತ್ತಿರ ಗ್ರೀನ್ ಕಾರ್ಡ್ ಇತ್ತು. ಪರಿಚಯದವರ ಅಂಗಡಿಯಲ್ಲಿ ಶನಿವಾರ ಲೆಕ್ಕ ಬರೆಯಲು ಒಪ್ಪಿಕೊಂಡೆ. ಲೈಸೆನ್ಸ್ ಗೋಡೆ ಮೇಲೆ ಕನ್ನಡಿ ಹಾಕಿಸಿ ತೂಗುಹಾಕಿದ್ದರು, ನನಗೆ ಅಷ್ಟೇ ಸಾಕಾಯಿತು. ಅಂಗಡಿಗೆ ಬ್ಯಾಂಕ್ ಖಾತೆ ಸಿಕ್ಕಿರಲಿಲ್ಲ, ಎಲ್ಲಾ ನಗದು. ಇಪ್ಪತ್ತರ ನೋಟಿನ ಕಂತೆ ಎಣಿಸಿ ಎಣಿಸಿ ಬೆರಳಿಗೆ ವಾಸನೆ ಹತ್ತುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಹೆಂಡತಿ ಸ್ವೆಟರನ್ನು ಬಾಲ್ಕನಿಗೆ ಎಸೆಯುತ್ತಿದ್ದಳು.

2019ರ ಏಪ್ರಿಲ್‌ನಲ್ಲಿ ವಲಸೆ ಇಲಾಖೆ ಒಂದು ಸ್ಪಷ್ಟನೆ ಹೊರಡಿಸಿತು. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಉದ್ಯಮದಲ್ಲಿ ಕೆಲಸ ಮಾಡಿದವರಿಗೆ ಪೌರತ್ವ ನಿರಾಕರಿಸಬಹುದು ಅಂತ. ನಾನು ಅದನ್ನು ನೋಡಿರಲೇ ಇಲ್ಲ. ಆ ವರ್ಷವೇ ನನ್ನ ಪೌರತ್ವದ ಸಂದರ್ಶನ. ಮಾದಕ ವಸ್ತು ಮಾರಾಟದಲ್ಲಿ ಭಾಗಿಯಾಗಿದ್ದೀರಾ ಅಂತ ಕೇಳಿದರು. ಬರೀ ಲೆಕ್ಕ ಬರೆದೆ ಸಾರ್, ಲೈಸೆನ್ಸ್ ಇರುವ ಅಂಗಡಿ ಅಂದೆ. ಅವರು ಅದನ್ನೇ ಬರೆದುಕೊಂಡರು.

ಅರ್ಜಿ ತಿರಸ್ಕಾರವಾಯಿತು. ಸನ್ನಡತೆಯನ್ನು ಐದು ವರ್ಷದ ಲೆಕ್ಕದಲ್ಲಿ ನೋಡುತ್ತಾರೆ, ಅಷ್ಟು ಕಾಯಿರಿ, ಅಲ್ಲಿವರೆಗೆ ದೇಶ ಬಿಟ್ಟು ಹೋಗಬೇಡಿ, ವಾಪಸು ಬರುವಾಗ ತಡೆಯಬಹುದು ಅಂದರು ವಕೀಲರು. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಕೇಳಲು ಪೌರನೇ ಆಗಿರಬೇಕು. ತಿಪಟೂರಿನಲ್ಲಿ ಅಮ್ಮ ಒಬ್ಬರೇ ಇದ್ದರು. ಪಾಸ್‌ಪೋರ್ಟ್ ಮಾಡಿಸಿಕೊಂಡು, ಉಂಡೆ ಕೊಬ್ಬರಿ ತರಲು ಬಿಡ್ತಾರೇನೋ ಅಂತ ಕೇಳುತ್ತಿದ್ದರು. ಬಿಡ್ತಾರೆ ಅಮ್ಮ ಅನ್ನುತ್ತಿದ್ದೆ. ವಿಷಯ ಹೇಳಲೇ ಇಲ್ಲ. ಗಾಂಜಾ ಅಂಗಡಿ ಅಂತ ಹೇಗೆ ಹೇಳುವುದು? 2022ರಲ್ಲಿ ಅವರು ಹೋದಾಗ ಚಿಕ್ಕಪ್ಪನ ಮಗ ಫೋನ್ ಹಿಡಿದುಕೊಂಡಿದ್ದ. ಅವನ ಕೈ ನಡುಗಿ ಅರ್ಧ ಹೊತ್ತು ಬರೀ ತೆಂಗಿನ ಗರಿ ಕಾಣಿಸಿತು.

ನಿಮ್ಮದು ಇನ್ನೂ ನಾಜೂಕು. ಎಚ್-1ಬಿಯಲ್ಲಿ ಆ ಅಂಗಡಿಯಲ್ಲಿ ಕೆಲಸ ಮಾಡುವಂತೆಯೇ ಇಲ್ಲ. ಸುಮ್ನೆ ಹಣ ಮಾತ್ರ ಹಾಕುತ್ತೇನೆ ಅಂದರೂ, ವೀಸಾ ಸ್ಟಾಂಪಿಂಗಿಗೆ ಹೋದಾಗ ಅಧಿಕಾರಿಗೆ ಕೋರ್ಟ್ ತೀರ್ಪು ಬೇಕಿಲ್ಲ, ಮಾದಕ ವಸ್ತು ವ್ಯಾಪಾರದಲ್ಲಿ ಕೈ ಇದೆ ಅಂತ ನಂಬಲು ಕಾರಣ ಸಿಕ್ಕರೆ ಸಾಕು. ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದ ಅಲ್ವಾ ಅಂತ ಬರೆದಿದ್ದೀರಿ. ಅವರಿಗೆ ಮೌನೇಶ್ವರ ಗೊತ್ತಿಲ್ಲ ತಮ್ಮ.

ಗೆಳೆಯ ಪೌರ, ಅವನು ಮಾಡಿಕೊಳ್ಳಲಿ. ನೀವು ಈ ವಾರ ಯಾವುದಕ್ಕೂ ಸಹಿ ಹಾಕಬೇಡಿ. ಅವನ ಲೈಸೆನ್ಸ್ ವಕೀಲರು ಬೇಡ, ನಿಮ್ಮದೇ ವಲಸೆ ವಕೀಲರನ್ನು ಒಂದು ಗಂಟೆ ನೋಡಿ. ಫೀಸು ನೋಡಿ ಹೊಟ್ಟೆ ಉರಿಯುತ್ತದೆ, ಆದರೂ ಕೊಡಿ.